ಸ್ಟಾರ್‌ಗೆ ಕೊಡಿ, ಬಿತ್ತನೆ ಗೆಡ್ಡೆ ಮಾರಬೇಡಿ



ಚಾಮರಾಜನಗರದ ಹರವೆಗೆ ಹೋಗಿದ್ದಾಗ ಟೀ ಅಂಗಡಿಯಲ್ಲಿ ಒಬ್ಬ ಹುಡುಗ ಕೇಳಿದ: 'ಅಣ್ಣ, ನಲವತ್ತು ದಾಟಿದ ಸುನಿಲ್ ಚೆಟ್ರಿಗೆ ಬೆಂಗಳೂರು ಎಫ್‌ಸಿ ಇನ್ನೂ ಸ್ಟಾರ್ ಸಂಬಳ ಕೊಡ್ಬೇಕಾ? ಆ ದುಡ್ಡಲ್ಲಿ ಹತ್ತು ಹುಡುಗ್ರನ್ನ ಬೆಳೆಸ್ಬೋದಲ್ವಾ?' ತಟ್ಟನೆ ಉತ್ತರ ಹೊಳೆಯಲಿಲ್ಲ. ಇವತ್ತು ಹೇಳ್ತೀನಿ.

ಮೊದಲು ಚೆಟ್ರಿ ಪರವಾಗಿ. 2013ರಲ್ಲಿ ಕ್ಲಬ್ ಶುರುವಾದ ವರ್ಷವೇ ಬಂದವರು. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು. 2015ರ ಐಎಸ್‌ಎಲ್ ಹರಾಜಿನಲ್ಲಿ ಮುಂಬೈ ಸಿಟಿ ಅವರಿಗೆ ಕೊಟ್ಟದ್ದು 1.20 ಕೋಟಿ ರೂಪಾಯಿ. ಅವತ್ತಿನ ಅತಿ ದುಬಾರಿ ಆಟಗಾರ ಅವರೇ. 2019ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಟ್ರೋಫಿ ಬಂದಾಗ ನಾಯಕ ಅವರೇ. ಹಳೇ ಕಥೆ ಬಿಡಿ ಅಂತೀರಾ? 2024ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್. ಆ ಸೀಸನ್‌ನಲ್ಲಿ ಒಟ್ಟು 14 ಗೋಲು. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಕೊನೇ ಗಳಿಗೆಯಲ್ಲಿ ತಲೆಯಿಂದ ಹೊಡೆದ ಗೋಲೇ ತಂಡವನ್ನ ಫೈನಲ್‌ಗೆ ದಾಟಿಸಿತು. ಇಂಥವರಿಗೆ ಕೊಡದೆ ಇನ್ಯಾರಿಗೆ ಕೊಡೋದು?

ಆದರೆ ಇದೇ ಲೆಕ್ಕವನ್ನ ಮಗ್ಗುಲು ಬದಲಿಸಿ ನೋಡಿ. ನಲವತ್ತರ ಆಟಗಾರ ಹದಿನಾಲ್ಕು ಗೋಲು ಹೊಡೆದದ್ದು ಅವರ ಹೆಮ್ಮೆ. ಅವರ ಜಾಗಕ್ಕೆ ಇಪ್ಪತ್ತೆರಡರ ಇನ್ನೊಬ್ಬ ಸಿಗದೇ ಹೋದದ್ದು ನಮ್ಮ ಸೋಲು. 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದವರನ್ನ 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಬೇಕಾಯ್ತು. ಬದಲಿ ಇಲ್ಲದ ಮನೆ ಬೆಲೆ ಚೌಕಾಸಿ ಮಾಡೋಕೆ ಆಗಲ್ಲ. ಕೇಳಿದಷ್ಟು ಕೊಡಬೇಕು.

ಕ್ರಿಕೆಟ್‌ನಲ್ಲಿ ಆರ್‌ಸಿಬಿ ಏನು ಮಾಡಿತು, ನೆನಪಿದೆಯಾ? 2025ರ ಸೀಸನ್‌ಗೆ ಕೊಹ್ಲಿಯನ್ನ 21 ಕೋಟಿಗೆ ಉಳಿಸಿಕೊಂಡಿತು. ಆದರೆ ಉಳಿಸಿಕೊಂಡದ್ದು ಮೂವರನ್ನ ಮಾತ್ರ. ಸಿರಾಜ್‌ನ ಬಿಟ್ಟರು ಅಂತ ನಾವೇ ಬೈದ್ವಿ. 120 ಕೋಟಿಯಲ್ಲಿ 83 ಕೋಟಿ ಕೈಯಲ್ಲಿಟ್ಟುಕೊಂಡು ಹರಾಜಿಗೆ ಕೂತರು. 5.75 ಕೋಟಿಗೆ ಕೊಂಡ ಕೃಣಾಲ್ ಪಾಂಡ್ಯ ಫೈನಲ್‌ನ ಪಂದ್ಯಶ್ರೇಷ್ಠ! ಸ್ಟಾರ್‌ಗೂ ಕೊಟ್ಟರು, ಉಳಿದವರ ಪಾಲೂ ತಿನ್ನಲಿಲ್ಲ.

ಫುಟ್‌ಬಾಲ್‌ನಲ್ಲಿ ಆ ಭದ್ರತೆಯೂ ಇಲ್ಲ. ಲೀಗ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಫೆಡರೇಷನ್‌ಗೂ ಒಪ್ಪಂದ ಮುಂದುವರಿಯದೆ 2025ರ ಜುಲೈನಲ್ಲಿ ಐಎಸ್‌ಎಲ್‌ಗೇ ಬ್ರೇಕ್ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಸ್ಟಾರ್ ಆದರೆ ನಾಲ್ಕು ತಿಂಗಳು ಹೇಗೋ ತಡೀತಾನೆ. ಸಿಬ್ಬಂದಿ ಬಾಡಿಗೆ ಎಲ್ಲಿಂದ ಕಟ್ಟಬೇಕು? ಬರದ ದುಡ್ಡನ್ನ ನಂಬಿ ದೊಡ್ಡ ಸಂಬಳ ಒಪ್ಪಿಕೊಂಡ್ರೆ ಪೆಟ್ಟು ಬೀಳೋದು ಚಿಕ್ಕವರಿಗೆ.

ಆ ಪ್ರಕಟಣೆಯಲ್ಲೇ ಇನ್ನೊಂದು ಸಾಲು ಇತ್ತು. ನಾವು ಟಿವಿಯವರು ಅದನ್ನ ದೊಡ್ಡದು ಮಾಡಲಿಲ್ಲ, ಒಪ್ಕೋತೀನಿ. ಹುಡುಗ-ಹುಡುಗಿಯರ ಯುವ ತಂಡಗಳಿಗೆ, ಫುಟ್‌ಬಾಲ್ ಶಾಲೆಗಳಿಗೆ ತೊಂದರೆ ಆಗಲ್ಲ ಅಂತ ಕ್ಲಬ್ ಹೇಳಿತ್ತು.

ಹರವೆ ಕಡೆಯ ಅರಿಶಿನ ಬೆಳೆಗಾರರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ರೇಟು ಎಷ್ಟೇ ಏರಲಿ, ಮುಂದಿನ ವರ್ಷದ ಬಿತ್ತನೆ ಗೆಡ್ಡೆ ಎತ್ತಿಟ್ಟೇ ಉಳಿದದ್ದನ್ನ ಮಾರೋದು. ಅದನ್ನೂ ಮಾರಿದವನು ಮುಂದಿನ ವರ್ಷ ಪರರು ಹೇಳಿದ ಬೆಲೆಗೆ ಕೊಳ್ಳಬೇಕು.

ಹಾಗಾಗಿ ತಮ್ಮಾ, ನನ್ನ ಉತ್ತರ ಇಷ್ಟು. ಇವತ್ತು ಗೋಲು ಹೊಡೆಯುವವನಿಗೆ ಇವತ್ತಿನ ಬೆಲೆ ಕೊಡಲಿ, ಧಾರಾಳವಾಗಿ ಕೊಡಲಿ. ನಿನ್ನೆಯ ಗೋಲಿಗೆ ಬೇಡ. ಕೈಗೆ ಬರುವ ದುಡ್ಡಲ್ಲಿ ಕೊಡಲಿ, ಬಂದೀತು ಅನ್ನುವ ದುಡ್ಡಲ್ಲಿ ಬೇಡ. ಆ ಹತ್ತು ಹುಡುಗರ ಪಾಲು ಮಾತ್ರ ಮುಟ್ಟಬಾರದು. ಯಾಕಂದ್ರೆ ಮುಂದೆ ಯಾವತ್ತೋ ಒಬ್ಬ ಸ್ಟಾರ್ ಹೆಚ್ಚು ಕೇಳಿದಾಗ 'ಹೋಗಿ ಬನ್ನಿ, ಒಳ್ಳೇದಾಗಲಿ' ಅನ್ನೋ ಧೈರ್ಯ ಕ್ಲಬ್‌ಗೆ ಬರೋದು ಆ ಹುಡುಗರಿಂದಲೇ.