ಬಿಸಿಲಿಲ್ಲದ ಒಂದು ದಿನ

(ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಿವೃತ್ತಿಯ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಇಂತಹ ಸಂದರ್ಭದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ಮರಿಸುವುದು ವಾಡಿಕೆ. ಅವರು 1908ರಲ್ಲಿ ಮುಂಬಯಿ ಸರಕಾರದ ಸೇವೆಯಿಂದ ನಿವೃತ್ತರಾದ ಮೇಲೆಯೇ ಮೈಸೂರಿನ ಮುಖ್ಯ ಇಂಜಿನಿಯರರೂ ದಿವಾನರೂ ಆದದ್ದು. ಆದರೆ ಅಂಥವರು ಶತಮಾನಕ್ಕೊಬ್ಬರು. ನಾನು ಹೇಳಹೊರಟಿರುವುದು ನನಗೆ ಅಕ್ಷರ ಕಲಿಸಿದ ಮೇಷ್ಟ್ರೊಬ್ಬರ ಒಂದು ದಿನದ ಸಂಗತಿಯನ್ನು. ಹೆಸರು ಹೇಳಕೂಡದೆಂದು ಅವರದೇ ಕಟ್ಟಪ್ಪಣೆ.

1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮೇಷ್ಟ್ರು ಕೋಯಮತ್ತೂರು ಜಿಲ್ಲೆಯಲ್ಲಿ ಹುಟ್ಟಿ, 1979ರಲ್ಲಿ ರಚಿತವಾದ ಪೆರಿಯಾರ್ ಜಿಲ್ಲೆಯಲ್ಲಿ ಪಾಠ ಹೇಳಿ, ಈರೋಡು ಜಿಲ್ಲೆಯಲ್ಲಿ ನಿವೃತ್ತರಾದರು. ಇಷ್ಟರಲ್ಲಿ ಅವರು ಮನೆಯನ್ನು ಒಮ್ಮೆಯೂ ಬದಲಾಯಿಸಲಿಲ್ಲ!

ಕಳೆದ ಮೇ ತಿಂಗಳಲ್ಲಿ, ಕೃತ್ತಿಕಾ ಮಳೆಯ ದಿನಗಳಲ್ಲಿ, ಅವರನ್ನು ಕಾಣಲು ಹೋಗಿದ್ದೆನು. ದಿಂಬಂ ಘಟ್ಟದ 27 ತಿರುವುಗಳ ಕೆಳಗೆ ಸತ್ಯಮಂಗಲದಲ್ಲಿ ಉರಿಬಿಸಿಲು. ಇಲ್ಲಿ ಮೇಲೆ ಮೂರು ದಿನಗಳಿಂದ ಮೋಡ ಕವಿದು, ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಮೇಷ್ಟ್ರು ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಐದು ಗಂಟೆಗೇ ಎದ್ದು, ಸ್ನಾನ ಮುಗಿಸಿ, ಹಿಂದಿನ ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಉಂಡಿದ್ದರಂತೆ.

"ಹತ್ತು ಗಂಟೆಯವರೆಗೆ ಯಾವ ತೊಂದರೆಯೂ ಇಲ್ಲ ಕಣಪ್ಪಾ. ಆಮೇಲೆ ಹೊತ್ತು ಅಲ್ಲಾಡುವುದಿಲ್ಲ" ಎಂದರು. ಜಗಲಿಯ ಕಂಬದ ನೆರಳೇ ಅವರ ಗಡಿಯಾರ. ನೆರಳು ಮೂರನೆಯ ಕಲ್ಲಿಗೆ ಬಂದರೆ ನಮ್ಮ ಶಾಲೆಯ ಮೊದಲ ಗಂಟೆ; ಒಳಕ್ಕೆ ಸರಿದು ಹೋದರೆ ಮಧ್ಯಾಹ್ನದ ಬಿಡುವು. ಆ ದಿನ ಮೋಡದಿಂದಾಗಿ ನೆರಳಿಲ್ಲ, ರಜೆಯಾದುದರಿಂದ ಶಾಲೆಯ ಗಂಟೆಯೂ ಇಲ್ಲ. ಕೈಗಡಿಯಾರವಿತ್ತು, ಅದನ್ನು ಪೆಟ್ಟಿಗೆಯಲ್ಲಿಟ್ಟಿದ್ದರು. ಮನೆಯಾಕೆ ತೀರಿಕೊಂಡ ಮೇಲೆ ಮಾತನಾಡಿಸುವವರೂ ಕಡಿಮೆ. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸರಕಾರಕ್ಕೆ ರುಜುವಾತು ಕೊಡಬೇಕಷ್ಟೆ, "ಅದೊಂದೇ ನನಗೆ ಉಳಿದಿರುವ ಪರೀಕ್ಷೆ" ಎಂದು ನಕ್ಕರು.

ಹನ್ನೊಂದರ ಸುಮಾರಿಗೆ ರೈತರೊಬ್ಬರು ಒಂದು ಕಾಗದ ಹಿಡಿದು ಬಂದರು. ಆನೆ ತುಳಿದ ಬಾಳೆತೋಟಕ್ಕೆ ಪರಿಹಾರ ಬೇಡಿದ್ದರು. ಉತ್ತರ ತಮಿಳಿನಲ್ಲಿ ಬಂದಿತ್ತು. ಅವರಿಗೆ ಕನ್ನಡ ಓದಲು ಬರುತ್ತದೆ, ತಮಿಳು ಬಾರದು. ಮೇಷ್ಟ್ರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದರು, ಕನ್ನಡದಲ್ಲಿ ಬಿಡಿಸಿ ಹೇಳಿದರು, ಮರುಅರ್ಜಿಯನ್ನು ತಮಿಳಿನಲ್ಲಿ ತಾವೇ ಬರೆದರು. ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಅವರು ಆಕಾಶದ ಕಡೆಗೆ ನೋಡಲೇ ಇಲ್ಲ.

ರೈತರು ಹೋದ ಮೇಲೆ ನನ್ನ ಕಡೆಗೆ ತಿರುಗಿ, "ಈ ಸಲ ಒಂದನೆಯ ತರಗತಿಗೆ ಎಷ್ಟು ಮಕ್ಕಳು?" ಎಂದು ಕೇಳಿದರು.

"ಸೇರುತ್ತಾರೆ ಮೇಷ್ಟ್ರೇ, ಜೂನ್ ಬರಲಿ."

"ನಾನು ಕೇಳಿದ್ದು ಎಣಿಕೆ ಕಣಪ್ಪಾ, ಸಮಾಧಾನವಲ್ಲ."

ಎಣಿಕೆ ಹೇಳಿದೆನು. ಬಹಳ ಹೊತ್ತು ಅವರು ಮಾತನಾಡಲಿಲ್ಲ. ತಂದೆತಾಯಿಗಳನ್ನು ನಾನೂ ದೂರಲಾರೆ. ಕಚೇರಿಯ ಕಾಗದವೆಲ್ಲ ತಮಿಳು, ಕೆಲಸ ಕೇಳಿದರೆ ಇಂಗ್ಲಿಷು, ಮನೆಯಲ್ಲಿ ಕನ್ನಡ. ಮಗುವನ್ನು ಎಲ್ಲಿಗೆ ಸೇರಿಸುವುದೆಂಬ ದಿಗಿಲು ಸುಳ್ಳಲ್ಲ. ಇದನ್ನೇ ಮೇಷ್ಟ್ರಿಗೂ ಹೇಳಿದೆನು. "ನಿಜ. ಆದರೆ ಕನ್ನಡದಲ್ಲಿ ಓದಿದ ನಾನೇ ಆ ತಮಿಳು ಅರ್ಜಿ ಬರೆದದ್ದು. ಇದನ್ನು ಅವರಿಗೆ ಯಾರು ಹೇಳಿದ್ದಾರೆ? ಸೋಮವಾರ ಹತ್ತು ಗಂಟೆಗೆ ಬಾ, ಮನೆಮನೆಗೆ ಹೋಗೋಣ" ಎಂದರು.

ಸೋಮವಾರವೂ ಆಕಾಶ ಹಾಗೆಯೇ ಮಂಕಾಗಿತ್ತು. ನಾನು ಹತ್ತು ನಿಮಿಷ ಮುಂಚೆಯೇ ಹೋದೆನು. ಅವರು ಕೈಗಡಿಯಾರ ಕಟ್ಟಿಕೊಂಡು, ಕೊಡೆ ಹಿಡಿದು ಬೀದಿಯಲ್ಲಿ ನಿಂತಿದ್ದರು. ನಾವು ಹೋದ ಮನೆಗಳವರಲ್ಲಿ ಕೆಲವರು ಇಂದು ಮಕ್ಕಳೊಡನೆ ಈ ಸಭೆಯಲ್ಲಿ ಕುಳಿತಿದ್ದಾರೆ. ಕೆಲವರು ಒಪ್ಪಲಿಲ್ಲ. ಒಪ್ಪದವರ ಮನೆಗಳನ್ನು ಮೇಷ್ಟ್ರು ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ಗುರುತು ಮಾಡಿಟ್ಟಿದ್ದಾರೆ. ಬರುವ ಮೇ ತಿಂಗಳಲ್ಲಿ ಮತ್ತೆ ಹೊರಡುತ್ತೇವೆ.