ಅಂಗಳದಲ್ಲೊಂದು ವಿಷ್ಣುಕ್ರಾಂತಿ



ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯಿರಲಿ, ನಮ್ಮ ಕೋಲಾರವಿರಲಿ, ಹೊಸ ಮನೆ ಕಟ್ಟಿದವರು ಅಂಗಳಕ್ಕೆ ಹುಲ್ಲುಹಾಸು ತರಿಸುತ್ತಾರೆ. ಬೇಸಿಗೆಯಲ್ಲಿ ಕೊಡ ನೀರಿಗೂ ಲೆಕ್ಕವಿಡುವ ಮನೆಯಲ್ಲಿ ಆ ಹುಲ್ಲಿಗೆ ದಿನವೂ ನೀರು ಬೇಕು.

ಆದರೆ ಪೂರ್ವಘಟ್ಟದ ಒಣ ನೆಲದಲ್ಲೂ, ಬಯಲುಸೀಮೆಯ ಕಲ್ಲುಮಣ್ಣಿನಲ್ಲೂ ವಿಷ್ಣುಕ್ರಾಂತಿ ಯಾರೂ ನೀರೆರೆಯದೆಯೇ ಹರಡುತ್ತದೆ. ಗೇಣುದ್ದ ಏಳದ ಗಿಡ. ಎಲೆಯ ಮೇಲಿನ ರೇಷ್ಮೆಯಂಥ ರೋಮ ತೇವ ಆರದಂತೆ ಕಾಯುತ್ತದೆ. ಉಗುರಿಗಿಂತ ಚಿಕ್ಕ ನೀಲಿ ಹೂ ಬೆಳಗ್ಗೆ ಅರಳಿ, ಬಿಸಿಲೇರಿದ ಮೇಲೆ ಮುದುಡುತ್ತದೆ. ಗಣೇಶನ ಚೌತಿಯ 21 ಪತ್ರೆಗಳಲ್ಲಿ ಆಂಧ್ರದವರೂ ನಾವೂ ವಿಷ್ಣುಕ್ರಾಂತಿಯನ್ನು ಹೆಸರಿಸುತ್ತೇವೆ. ಪೂಜೆಗೆ ಹುಡುಕುವ ಗಿಡವನ್ನೇ ಉಳಿದ ದಿನ ಕಳೆಯೆಂದು ಕೀಳುತ್ತೇವೆ!

ಬೆಳೆಸುವುದು ಸುಲಭ. ಬಯಲಿನ ಗಿಡವನ್ನು ಬೇರುಸಮೇತ ಕೀಳಬೇಡಿ. ಒಣಗಿದ ಕಾಯಿಯ ಬೀಜ ತಂದು, ಮಳೆಗಾಲದ ಮೊದಲಲ್ಲಿ ಮರಳು ಬೆರೆಸಿದ ಮಣ್ಣಿಗೆ ಹಾಕಿ. ತುಂಬು ಬಿಸಿಲಿರಲಿ, ನೀರು ನಿಲ್ಲದಿರಲಿ. ಬೇರೂರಿದ ಮೇಲೆ ಅತಿಯಾದ ಆರೈಕೆಯೇ ಅದಕ್ಕೆ ಅಪಾಯ. ಹೆಚ್ಚು ನೀರೆರೆದರೆ ಬೇರು ಕೊಳೆಯುತ್ತದೆ.

ಅಂದವೆಂದರೆ ದೂರದಿಂದ ತರಿಸಿದ್ದು ಎಂಬ ಭ್ರಮೆ ನಮ್ಮದು. ಊರ ಮಣ್ಣು ತಾನಾಗಿ ಬೆಳೆಸುವುದಕ್ಕೆ ಅಂಗಳದಲ್ಲಿ ಒಂದು ಮೊಳ ಜಾಗ ಬಿಟ್ಟರೆ, ನೀರೂ ಉಳಿಯುತ್ತದೆ, ಹೂವೂ ಸಿಗುತ್ತದೆ.