ಕುಡಿದವನ ಗಾಯಕ್ಕೆ ಹೊಣೆ ಯಾರು?

ಕೆಲಸದ ವೇಳೆಯಲ್ಲಿ ಗಾಯಗೊಂಡ ಕಾರ್ಮಿಕನಿಗೆ ಮಾಲೀಕನು ಪರಿಹಾರ ಕೊಡಬೇಕೆಂಬುದು ಈಗ ಎಲ್ಲರೂ ಒಪ್ಪಿದ ಮಾತು. ಆದರೆ ಆ ಕಾರ್ಮಿಕನು ಆ ಹೊತ್ತಿನಲ್ಲಿ ಕುಡಿದಿದ್ದರೆ? ‘ತಾನೇ ತಂದುಕೊಂಡದ್ದು, ತಾನೇ ಅನುಭವಿಸಲಿ’ ಎಂದು ಬಹುಮಂದಿ ಹೇಳಿಬಿಡುತ್ತಾರೆ. ಕಾನೂನು ಅಷ್ಟು ಸುಲಭವಾಗಿ ಕೈ ತೊಳೆದುಕೊಳ್ಳುವುದಿಲ್ಲ. ಅದು ಏನು ಹೇಳುತ್ತದೆ, ಏಕೆ ಹಾಗೆ ಹೇಳುತ್ತದೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಿಸುವ ತತ್ತ್ವ ಬ್ರಿಟನ್ನಿನ 1897ರ ಕಾಯಿದೆಯಿಂದ ನಮಗೆ ಬಂದಿತು. ಕಾರ್ಮಿಕನದು ಗಂಭೀರವಾದ, ಬುದ್ಧಿಪೂರ್ವಕ ದುರ್ವರ್ತನೆಯೆಂದು ಸಿದ್ಧವಾದರೆ ಅಂದಿನ ಕಾಯಿದೆಯಲ್ಲಿ ಬಿಡಿಗಾಸೂ ಇರಲಿಲ್ಲ. ಸತ್ತವನ ಹೆಂಡತಿ ಮಕ್ಕಳಿಗೂ ಇರಲಿಲ್ಲ. ಗಂಡನ ತಪ್ಪಿಗೆ ವಿಧವೆಗೆ ದಂಡವೇ? 1906ರಲ್ಲಿ ಅಲ್ಲಿನ ಶಾಸನವೇ ತನ್ನನ್ನು ತಿದ್ದಿಕೊಂಡು, ಮರಣಕ್ಕೂ ಗುರುತರವಾದ ಶಾಶ್ವತ ಅಂಗವೈಕಲ್ಯಕ್ಕೂ ಈ ತಡೆ ಸಲ್ಲದೆಂದಿತು.

ನಮ್ಮ ದೇಶದ ಕಾರ್ಮಿಕ ಪರಿಹಾರ ಕಾಯಿದೆ 1923ರದು. 1924ರ ಜುಲೈ 1ರಿಂದ ಜಾರಿಗೆ ಬಂದಿತು. ಮದ್ಯ ಅಥವಾ ಮಾದಕ ವಸ್ತುವಿನ ಅಮಲೇ ನೇರ ಕಾರಣವಾದ ಅಪಘಾತದ ಗಾಯಕ್ಕೆ ಮಾಲೀಕನು ಹೊಣೆಯಲ್ಲವೆಂದು ಅದರ 3ನೆಯ ಕಲಮು ಹೇಳಿತು. ಆದರೆ 1933ರ ತಿದ್ದುಪಡಿ ಮರಣವನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತು. 1995ರ ತಿದ್ದುಪಡಿ ಶಾಶ್ವತವಾದ ಸಂಪೂರ್ಣ ಅಂಗವೈಕಲ್ಯವನ್ನೂ ಹೊರಗಿಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ 74ನೆಯ ಕಲಮಿನಲ್ಲಿಯೂ ಇದೇ ನಿಯಮ ಉಳಿದುಬಂದಿದೆ.

ಇಲ್ಲಿ ‘ನೇರ ಕಾರಣ’ ಎಂಬ ಮಾತನ್ನು ಶ್ರೋತೃಗಳು ಗಮನಿಸಬೇಕು. ಗಾರೆ ಕೆಲಸದವನೊಬ್ಬನು ಕುಡಿದು ಸಾರುವೆ ಏರಿದನೆನ್ನೋಣ. ಕಾಲು ತಡವರಿಸಿ ಬಿದ್ದರೆ ಅದು ಅಮಲಿನ ಫಲ. ಆದರೆ ಗೆದ್ದಲು ಹಿಡಿದ ಹಲಗೆಯೇ ಮುರಿದು ಬಿದ್ದರೆ? ಆ ಹಲಗೆ ಕುಡಿಯದವನನ್ನೂ ಕೆಡವುತ್ತಿತ್ತು. ಬಾಯಲ್ಲಿ ವಾಸನೆಯಿತ್ತೆಂಬುದಷ್ಟೇ ಮಾಲೀಕನನ್ನು ಪಾರುಮಾಡದು. ಅಮಲಿತ್ತು, ಆ ಅಮಲಿನಿಂದಲೇ ಅಪಘಾತವಾಯಿತು ಎಂಬ ಎರಡನ್ನೂ ವಿನಾಯಿತಿ ಬೇಡುವವನೇ ರುಜುವಾತುಪಡಿಸಬೇಕು. ಹಾಗೆಯೇ, ಅಪಘಾತವು ಕೆಲಸದಿಂದ, ಕೆಲಸದ ಅವಧಿಯಲ್ಲಿ ಉಂಟಾದುದೆಂಬುದು ಮರಣದ ಪ್ರಕರಣದಲ್ಲಿಯೂ ಸಿದ್ಧವಾಗಲೇಬೇಕು.

ಇಷ್ಟು ಕರುಣೆ ತೋರಿದ ಕಾನೂನು ನಡುವಿನವನನ್ನು ಮಾತ್ರ ಕೈಬಿಟ್ಟಿದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ನೂರಕ್ಕೆ 30ರಷ್ಟು ಹೋಯಿತೆಂಬುದು ಶಾಸನದ ಲೆಕ್ಕ. ತಿಂಗಳಿಗೆ 10,000 ರೂಪಾಯಿ ದುಡಿಯುವ 30 ವರ್ಷದವನಿಗೆ ಇದರಿಂದ ಸುಮಾರು 3,74,000 ರೂಪಾಯಿ ದೊರೆಯಬೇಕು. ಅಮಲೇ ಕಾರಣವೆಂದು ಸಿದ್ಧವಾದರೆ ಅಷ್ಟೂ ಇಲ್ಲ. ಎರಡು ಕೈಗಳನ್ನೂ ಕಳೆದುಕೊಂಡವನಿಗೆ ಪೂರ್ಣ ಪರಿಹಾರ, ಒಂದನ್ನು ಕಳೆದುಕೊಂಡವನಿಗೆ ಸೊನ್ನೆ! ತಪ್ಪು ಇಬ್ಬರದೂ ಒಂದೇ. ಹಸಿದ ಮಕ್ಕಳು ಇಬ್ಬರ ಮನೆಯಲ್ಲಿಯೂ ಇದ್ದಾರೆ. ಪರಿಹಾರವನ್ನು ಪೂರ್ತಿ ನಿರಾಕರಿಸುವ ಬದಲು ಒಂದು ಪಾಲನ್ನಷ್ಟೇ ಕಡಿಮೆ ಮಾಡುವ ನಿಯಮ ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ.

ಹೀಗೆಂದರೆ ಕುಡಿತಕ್ಕೆ ಪ್ರೋತ್ಸಾಹ ಕೊಟ್ಟಂತಾಗದೆ ಎಂದು ಕೆಲವರು ಕೇಳಬಹುದು. ಪರಿಹಾರದ ಆಸೆಗೆ ಬೆರಳು ಕತ್ತರಿಸಿಕೊಳ್ಳುವವನು ಯಾರು? ಪರಿಹಾರ ಸಿಗದೆಂದು ಲೋಟ ಕೆಳಗಿಟ್ಟವನಾದರೂ ಯಾರು? ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಮೈಮುರಿಯುವ ದುಡಿಮೆ, ನೋವು, ಚಟ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸಲು ಶಿಕ್ಷೆಗಿಂತ ಚಿಕಿತ್ಸೆ ಬೇಕು.

ಮಾಲೀಕರಲ್ಲಿ ಒಂದು ಮಾತು: ಅಮಲಿನಲ್ಲಿರುವವನನ್ನು ಯಂತ್ರದ ಮುಂದೆ ನಿಲ್ಲಿಸದೆ ಅಂದು ಮನೆಗೆ ಕಳುಹಿಸಿರಿ, ಬೆಳಿಗ್ಗೆ ಕಂಡೂ ಕಾಣದಂತಿದ್ದು, ಸಂಜೆ ಅದನ್ನೇ ನೆಪವಾಗಿ ಹಿಡಿಯುವುದು ಧರ್ಮವಲ್ಲ. ಕಾರ್ಮಿಕ ಬಂಧುಗಳಲ್ಲಿ ಒಂದು ಮಾತು: ‘ಕುಡಿದಿದ್ದನು’ ಎಂಬ ಒಂದೇ ನುಡಿಗೆ ಹೆದರಿ ಹಕ್ಕನ್ನು ಬಿಟ್ಟುಕೊಡಬೇಡಿರಿ, ವೈದ್ಯರ ದಾಖಲೆ ಪಡೆಯಿರಿ, ಕಂಡವರ ಸಾಕ್ಷ್ಯ ಉಳಿಸಿಕೊಳ್ಳಿರಿ. ಕುಡಿದವನು ತಪ್ಪಿತಸ್ಥನಿರಬಹುದು, ಆದರೆ ಅವನ ಕೈ ದುಡಿದದ್ದು ಒಂದು ಸಂಸಾರಕ್ಕಾಗಿ ಎಂಬುದನ್ನು ಮರೆಯಲಾಗದು.